ಭಾವನ ಗಾಡಿಯ ರೆಗ್ಯುಲೇಟರ್

ಬೀದಿಯವರಿಗೆಲ್ಲ ಅವನು ಪಾಲಿಶ್ ಮೇಸ್ತ್ರಿ. ಬೈಕ್ ರಿಪೇರಿ ಅವನ ಕಸುಬು, ಹೊಳಪು ಅವನ ಹುಚ್ಚು. ಬ್ರೇಕ್ ಸರಿಮಾಡಲೆಂದು ಬಿಟ್ಟುಹೋದ ಗಾಡಿಯನ್ನೂ ತೊಳೆದು, ಒರೆಸಿ, ಟ್ಯಾಂಕ್ ಉಜ್ಜಿದ ಮೇಲೆಯೇ ಅವನು ಹೊರಗೆ ತಳ್ಳುತ್ತಿದ್ದದ್ದು. ಗಿರಾಕಿ "ಬ್ರೇಕ್ ಹಿಡಿಯುತ್ತಾ ಮೇಸ್ತ್ರಿ?" ಎಂದು ಕೇಳಿದರೆ "ಮೊದಲು ಟ್ಯಾಂಕಲ್ಲಿ ನಿಮ್ಮ ಮುಖ ನೋಡ್ಕೊಳ್ಳಿ" ಎನ್ನುವ ಆಸಾಮಿ. ವಯಸ್ಸು ಐವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಉಗುರಿನ ಸಂದಿಯ ಗ್ರೀಸ್ ಹೋಗಲಿ, ಆಮೇಲೆ ಹೆಣ್ಣು ನೋಡೋಣ ಎಂದು ಮುಂದೂಡುತ್ತ ಬಂದ. ಗ್ರೀಸ್ ಉಳಿಯಿತು, ವಯಸ್ಸು ಹೋಯಿತು. ಎರಡು ಹೊತ್ತಿನ ಊಟ ಹಿಂದಿನ ಬೀದಿಯ ಅಕ್ಕನ ಮನೆಯಲ್ಲಿ. ತಾಯಿ ತೀರಿಕೊಂಡಾಗ ಅವನಿಗೆ ಎಂಟು ವರ್ಷ, ಅಕ್ಕನಿಗೆ ಹದಿನೈದು. ಅಂದಿನಿಂದ ಅವನಿಗೆ ಬಡಿಸುವ ಕೈ ಅವಳದೇ.

ಅಕ್ಕನ ಗಂಡ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದವರು. ಮಾತು ಕಡಿಮೆ, ಹಿಡಿತ ಜಾಸ್ತಿ. ಟೂತ್‌ಪೇಸ್ಟ್ ಮುಗಿದ ಮೇಲೆ ಟ್ಯೂಬನ್ನು ಕತ್ತರಿಯಿಂದ ಸೀಳಿ ಇನ್ನೂ ಮೂರು ದಿನ ಹಲ್ಲುಜ್ಜುವರು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಉಣ್ಣುವ ಕೈಯಲ್ಲೇ ಎದ್ದುಹೋಗಿ ಆರಿಸಿ ಬರುವರು. ಅಕ್ಕ ಅವರನ್ನು ಜಿಪುಣಾಗ್ರೇಸರ ಎಂದು ಮುಖಕ್ಕೇ ಕರೆಯುತ್ತಿದ್ದಳು, ಅವರು ನಗುತ್ತಿದ್ದರು. ಆಗ ಅದು ಬರೀ ತಮಾಷೆಯ ಮಾತಾಗಿತ್ತು.

ನಾಲ್ಕು ವರ್ಷದ ಹಿಂದೆ ಮೇಸ್ತ್ರಿ ಭಾವನ ಹಳೇ ಗಾಡಿಯನ್ನು ಪೂರ್ತಿ ಬಿಚ್ಚಿ, ತುಕ್ಕು ಕೆರೆದು, ಫ್ರೇಮಿಗೆ ಕಪ್ಪು ಬಣ್ಣ ಹೊಡೆದುಕೊಟ್ಟ. ಯಾರೂ ಕೇಳಿರಲಿಲ್ಲ. ಇಷ್ಟು ವರ್ಷ ಉಂಡ ಅನ್ನಕ್ಕೆ ಏನಾದರೂ ಮಾಡಬೇಕು ಅನ್ನಿಸಿತ್ತು, ಅವನಿಗೆ ಬರುತ್ತಿದ್ದದ್ದು ಇದೊಂದೇ. ಒಂದರ ಮೇಲೊಂದು ಮೂರು ಕೋಟು ಹೊಡೆದು ಎರಡು ವಾರ ಒಣಗಿಸಿದ. ಭಾವ ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದನ್ನ ಓಡಿಸೋದೋ, ಗಾಜಿನ ಪೆಟ್ಟಿಗೇಲಿ ಇಡೋದೋ?" ಎಂದಿದ್ದರು. ಮೇಸ್ತ್ರಿಗೆ ಅಷ್ಟು ಸಾಕಾಗಿತ್ತು.

ತಿಂಗಳು ಕಳೆದಿರಲಿಲ್ಲ, ಹೆಡ್‌ಲೈಟಿನ ಬಲ್ಬು ಸುಟ್ಟಿತು. ಹೊಸದು ಹಾಕಿದರೆ ಅದೂ ಹೋಯಿತು. ಅಂಥ ಹಳೇ ಗಾಡಿಗಳಲ್ಲಿ ಹೆಡ್‌ಲೈಟು ಬ್ಯಾಟರಿಯಿಂದ ಉರಿಯುವುದಿಲ್ಲ, ಎಂಜಿನ್ ತಿರುಗಿದಾಗ ಹುಟ್ಟುವ ಕರೆಂಟಿನಿಂದ ನೇರವಾಗಿ ಉರಿಯುತ್ತದೆ. ಎಂಜಿನ್ ಜೋರಾದಷ್ಟೂ ಕರೆಂಟು ಜೋರು. ಅದನ್ನು ಹದ್ದುಬಸ್ತಿನಲ್ಲಿ ಇಡಲು ರೆಗ್ಯುಲೇಟರ್ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಅಲ್ಯುಮಿನಿಯಂ ಡಬ್ಬಿಯೊಂದು ಟ್ಯಾಂಕಿನ ಅಡಿಯಲ್ಲಿ ಇರುತ್ತದೆ. "ಅದೇ ಹೋಗಿದೆ ಭಾವ" ಎಂದು ಮೇಸ್ತ್ರಿ ಬಿಚ್ಚಿಯೂ ನೋಡದೆ ಹೇಳಿಬಿಟ್ಟ. ಇಬ್ಬರೂ ರಸ್ತೆಯ ಆಚೆ ಬದಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರು. ಅಂಗಡಿಯ ಯಜಮಾನರು ಎರಡು ತೋರಿಸಿದರು, ಒಂದು ಕಂಪನಿಯದು, ಇನ್ನೊಂದು ಲೋಕಲ್. ಭಾವ ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿ ಲೋಕಲ್ ಡಬ್ಬಿಯನ್ನು ತೆಗೆದುಕೊಂಡರು. ಮೇಸ್ತ್ರಿಯೇ ಅದನ್ನು ಕೂರಿಸಿಕೊಟ್ಟ.

ಮೂರು ವಾರದ ಮೇಲೆ, ಮಂಜು ಕವಿದ ಒಂದು ಮುಂಜಾವಿನಲ್ಲಿ, ಮೊದಲ ಶಿಫ್ಟಿಗೆ ಹೊರಟ ಭಾವನಿಗೆ ಎದುರಿನಿಂದ ಲಾರಿ ಗುದ್ದಿತು. ಬೈಕಿಗೆ ದೀಪವೇ ಇರಲಿಲ್ಲ, ಮೈಮೇಲೆ ಬರುವ ತನಕ ಕಾಣಲೇ ಇಲ್ಲ ಎಂದ ಲಾರಿಯವನು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ತಮ್ಮನ ಅಂಗಿ ಹಿಡಿದು ಜಗ್ಗಿ ಕೇಳಿದಳು, "ಹೊಸ ಸಾಮಾನು ಹಾಕಿದ್ಯಲ್ಲೋ, ದೀಪ ಹೇಗೆ ಹೋಯ್ತು?"

"ಅಗ್ಗದ್ದು ತಗೊಂಡ್ರು ಅಕ್ಕ. ನಾನು ಬೇಡ ಅಂದಿದ್ದೆ."

ಅವನು ಬೇಡ ಅಂದಿರಲಿಲ್ಲ. ಭಾವ ಅಂಗಡಿಯಲ್ಲಿ ಅವನನ್ನೇ ಕೇಳಿದ್ದರು, "ಏನಪ್ಪಾ ವ್ಯತ್ಯಾಸ?" ಅಂತ. "ಎರಡೂ ಒಂದೇ ಭಾವ, ಕಂಪನಿ ಹೆಸರಿಗೆ ಯಾಕೆ ದುಡ್ಡು ಸುರೀತೀರಿ" ಎಂದವನು ಇವನೇ. ಕಾರಿಡಾರಿನಲ್ಲಿ ಆ ಸುಳ್ಳು ಎಲ್ಲಿಂದ ಬಂತೋ, ನಾಲಿಗೆ ಹೊರಳಿಬಿಟ್ಟಿತು. ಹೆದರಿದ್ದ, ಅಷ್ಟೆ. ಹೆದರಿದವರನ್ನು ಕ್ಷಮಿಸಬಹುದು. ಆದರೆ ಆಮೇಲಿನ ನಾಲ್ಕು ವರ್ಷವೂ ಅವನು ದಿನಾ ಎರಡು ಹೊತ್ತು ಅದೇ ಅಕ್ಕನ ಮುಂದೆ ಕೂತು ಉಂಡ, ಒಂದು ದಿನವೂ ಬಾಯಿ ಬಿಡಲಿಲ್ಲ.

ಅಕ್ಕ ಅಳುವುದನ್ನು ಬೇಗ ಬಿಟ್ಟಳು, ಬೈಯುವುದನ್ನು ಬಿಡಲಿಲ್ಲ. ಗೋಡೆಯ ಮೇಲಿನ ಫೋಟೋಗೆ ಬೆನ್ನು ಹಾಕಿ ಕೂರುತ್ತಿದ್ದಳು. ಮಗಳು ದೀಪ ಆರಿಸಲು ಎದ್ದರೆ "ಉರೀಲಿ ಬಿಡೇ! ನಿಮ್ಮಪ್ಪ ಉಳಿಸಿದ್ದು ಸಾಕು, ಉಳಿಸೋಕೆ ಹೋಗಿ ತಾವೇ ಉಳೀಲಿಲ್ಲ" ಎನ್ನುತ್ತಿದ್ದಳು. ಒಂದು ದಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ನಿಂತು ಯಜಮಾನರ ಜನ್ಮ ಜಾಲಾಡಿದಳು. ತಮ್ಮ ಬೇಡ ಅಂದರೂ ಆ ಡಬ್ಬಿ ಮಾರಿದ ಕೊಲೆಗಾರ ಅಂದಳು. ಅವರು ತಲೆ ತಗ್ಗಿಸಿಕೊಂಡು ಕೇಳಿದರು. ಆಮೇಲೆ ಅಕ್ಕ ಅವರ ಅಂಗಡಿಯ ಬದಿ ಕಾಲಿಡಲಿಲ್ಲ. ಮಾರ್ಕೆಟ್ಟು ಆ ಕಡೆಗೇ ಇದ್ದರೂ, ತಮ್ಮನ ವರ್ಕ್‌ಶಾಪ್ ಇರುವ ಈಚೆಯ ಫುಟ್‌ಪಾತಿನಲ್ಲೇ ನಡೆದು, ದೂರದ ಸಿಗ್ನಲಿನಲ್ಲಿ ದಾಟುತ್ತಿದ್ದಳು.

ಈಗ ಮಗಳಿಗೆ ಅಪ್ಪನ ಕಾರ್ಖಾನೆಯಲ್ಲೇ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಮೊದಲ ಶಿಫ್ಟು. ಅಷ್ಟು ಬೇಗ ಬಸ್ಸಿಲ್ಲ. ಮೆಟ್ಟಿಲ ಕೆಳಗೆ ಟಾರ್ಪಾಲು ಹೊದ್ದು ಮಲಗಿದ್ದ ಗಾಡಿಯನ್ನು ಅವಳೇ ತಳ್ಳಿಕೊಂಡು ಮೇಸ್ತ್ರಿಯ ಬಾಗಿಲಿಗೆ ತಂದಳು. "ಮಾವ, ನಂಗೆ ಇದೇ ಬೇಕು. ಅಮ್ಮ ಬೇಡ ಅಂದ್ರು, ಅತ್ರು, ಆಮೇಲೆ ಒಪ್ಪಿದ್ರು." ಹಿಂದೆಯೇ ಅಕ್ಕನೂ ಬಂದಳು. "ಈ ಸಲ ಅಂಗಡೀಲಿರೋ ಒಳ್ಳೇ ಸಾಮಾನು ಹಾಕು. ಇವಳ ಜೀವ ನಿನ್ನ ಕೈಲಿದೆ, ನೋಡ್ಕೋ."

ವಾರವಿಡೀ ದುಡಿದ. ಮುಂದಿನ ಫೋರ್ಕು, ಹ್ಯಾಂಡಲ್ಲು, ಚಕ್ರ, ವೈರಿಂಗು. ಶನಿವಾರ ಮಧ್ಯಾಹ್ನ ಹೊಸ ಬಲ್ಬು ಹಾಕಿ, ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ತಿರುವಿದ. ಬಲ್ಬು ಒಮ್ಮೆ ಬೆಳ್ಳಗೆ ಉರಿದು ಠಪ್ ಎಂದಿತು. ಇದ್ದದ್ದೇ ಅಲ್ಲವೇ, ಆ ದರಿದ್ರ ಲೋಕಲ್ ಡಬ್ಬಿ ಇನ್ನೂ ಅಲ್ಲೇ ಕೂತಿದೆ ಎಂದು ಟ್ಯಾಂಕ್ ಎತ್ತಿ ಅದನ್ನು ಬಿಚ್ಚಿದ. ಜೇಬಿಗೆ ಹಾಕಿಕೊಂಡು ರಸ್ತೆ ದಾಟಿದ.

ಯಜಮಾನರಿಗೆ ವಯಸ್ಸಾಗಿತ್ತು. ಗಾಡಿ ಯಾವುದೆಂದು ಕೇಳಿದರು, ಗೊತ್ತಾಯಿತು, ಮೂರು ಡಬ್ಬಿ ತಂದು ಗಾಜಿನ ಮೇಲಿಟ್ಟರು. "ಇದು ಕಂಪನೀದು, ಹಳೇ ಸ್ಟಾಕು. ಇನ್ನು ಬರಲ್ಲ, ಕೊನೇದು. ಇದು ಲೋಕಲ್. ಇದು ಬ್ಯಾಟರಿ ಲೈಟಿನ ಗಾಡೀದು. ಸಾಕೆಟ್ಟು ಸರಿಯಾಗಿ ಕೂರುತ್ತೆ ಅಂತ ಸುಮಾರು ಜನ ಹಾಕಿ ವೈರಿಂಗ್ ಸುಟ್ಕೋತಾರೆ. ತಂತಿ ಜಾಗ ಬೇರೆ, ನಿಮಗೆ ಬೇಡ."

"ಕಂಪನೀದೇ ಕೊಡಿ."

"ಹಳೇದು ಕೊಡಿ ಇಲ್ಲಿ, ತಂತಿ ಬಣ್ಣ ನೋಡೋಣ."

ಅಂಗಡಿಯ ಮೂಲೆಯಲ್ಲಿ ಒಂದು ಚಿಕ್ಕ ಮೋಟಾರಿಗೆ ಹಳೇ ಬೈಕಿನ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಕಟ್ಟಿ, ಒಂದು ಬಲ್ಬು ಜೋಡಿಸಿಟ್ಟಿದ್ದರು. ತಂದ ಸಾಮಾನನ್ನೆಲ್ಲ ಅದರಲ್ಲಿ ಪರೀಕ್ಷಿಸುವುದು ಅವರ ಅಭ್ಯಾಸ. ಭಾವನ ಡಬ್ಬಿಗೆ ತಂತಿ ಸಿಕ್ಕಿಸಿ, ಅದರ ಮೈಗೆ ಒಂದು ಕ್ಲಿಪ್ಪು ಕಚ್ಚಿಸಿ, ಮೋಟಾರು ಹಾಕಿದರು. ವೇಗ ಏರಿಸಿದರು, ಇನ್ನೂ ಏರಿಸಿದರು. ಬಲ್ಬು ಹದವಾಗಿ, ತಣ್ಣಗೆ ಉರಿಯುತ್ತಲೇ ಇತ್ತು.

"ಇದಕ್ಕೇನಾಗಿದೆ ಮೇಸ್ತ್ರಿ? ಚೆನ್ನಾಗೇ ಇದೆಯಲ್ಲ."

ಯಜಮಾನರು ಮೋಟಾರು ನಿಲ್ಲಿಸಿ ಡಬ್ಬಿಯನ್ನು ಮಗುಚಿದರು. ತಳಕ್ಕೆ ರಬ್ಬರಿನ ತೆಳು ಬಿಲ್ಲೆಯೊಂದು ಅಂಟಿಕೊಂಡಿತ್ತು, ಅಂಚಿನಲ್ಲಿ ಕಪ್ಪು ಬಣ್ಣ. ಅದನ್ನು ಉಗುರಿನಿಂದ ಎಬ್ಬಿಸಿದರು.

"ಇದ್ಯಾರು ಹಾಕಿದ್ದು?"

"ನಾನೇ. ಹಳೇ ಟ್ಯೂಬ್ ಕತ್ತರಿಸಿ. ಬೋಲ್ಟ್ ಬಿಗಿ ಮಾಡಿದ್ರೆ ಬಣ್ಣ ಏಳುತ್ತೆ ಅಂತ, ಮೇಲೊಂದು ಕೆಳಗೊಂದು."

ಯಜಮಾನರು ಡಬ್ಬಿಯನ್ನು ಮತ್ತೆ ಜೋಡಿಸಿ, ಮೋಟಾರು ಹಾಕಿ, ಮೈಗೆ ಕಚ್ಚಿಸಿದ್ದ ಕ್ಲಿಪ್ಪನ್ನು ಒಂದೇ ಕ್ಷಣ ತೆಗೆದರು. ಬಲ್ಬು ಬೆಳ್ಳಗೆ ಕಣ್ಣು ಕುಕ್ಕಿತು. ಮತ್ತೆ ಕಚ್ಚಿಸಿದರು. ತಣ್ಣಗಾಯಿತು.

ವಿವರಿಸುವ ಅಗತ್ಯ ಇರಲಿಲ್ಲ. ಆ ಡಬ್ಬಿ ಹೆಚ್ಚಾದ ಕರೆಂಟನ್ನು ತನ್ನ ಮೈಯಿಂದ ಗಾಡಿಯ ಕಬ್ಬಿಣಕ್ಕೆ ಇಳಿಸಬೇಕು. ಲೋಹಕ್ಕೆ ಲೋಹ ತಾಗಬೇಕು, ಅದೇ ಅರ್ತಿಂಗ್. ಕೆಲಸ ಕಲಿಯಲು ಬಂದ ಎಷ್ಟು ಜನಕ್ಕೆ ಮೇಸ್ತ್ರಿ ಇದನ್ನು ಮೊದಲ ವಾರವೇ ಹೇಳಿಕೊಟ್ಟಿದ್ದನೋ ಲೆಕ್ಕವಿಲ್ಲ. ಭಾವನ ಗಾಡಿಯಲ್ಲಿ ಮಾತ್ರ ಮೂರು ಕೋಟು ಬಣ್ಣ, ಅದರ ಮೇಲೆ ರಬ್ಬರು. ಗಾಡಿ ಅಲ್ಲಾಡಿದಾಗ ಬೋಲ್ಟು ಒಮ್ಮೊಮ್ಮೆ ತಾಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಆ ಮುಂಜಾನೆ ತಾಗಿರಲಿಲ್ಲ.

"ಮೊದಲನೇ ರೆಗ್ಯುಲೇಟರೂ ಸರಿಯಾಗೇ ಇತ್ತೇನೋ" ಎಂದ ಮೇಸ್ತ್ರಿ. "ಗುಜರಿಗೆ ಹಾಕಿದೆ."

ಯಜಮಾನರು ಕನ್ನಡಕ ತೆಗೆದು ಒರೆಸಿದರು. "ಅವತ್ತು ನೀವು ಎರಡೂ ಒಂದೇ ಅಂದಿದ್ದು ನಂಗೆ ನೆನಪಿದೆ ಮೇಸ್ತ್ರಿ. ನಿಮ್ಮಕ್ಕ ಬಂದು ಕೂಗಾಡಿದಾಗ ಹೇಳಬಹುದಿತ್ತು. ಸಾವಿನ ಮನೆ, ಇರೋ ಒಬ್ಬ ತಮ್ಮನೂ ದೂರ ಆಗೋದು ಬೇಡ ಅಂತ ಸುಮ್ಮನಾದೆ. ಲೋಕಲ್ ಮಾಲು ಮಾರಿ ನಾನೇ ಕೊಂದೆ ಅಂತ ನಂಗೂ ಅನ್ನಿಸ್ತಿತ್ತು. ಎಷ್ಟೋ ದಿನ ಊಟ ಸೇರ್ತಿರಲಿಲ್ಲ." ಕಂಪನಿಯ ಡಬ್ಬಿಯನ್ನು ಅವನ ಕಡೆ ಸರಿಸಿದರು. "ಇದನ್ನ ಹಾಕಿ, ಹಳೇದನ್ನ ಬಿಸಾಕಿದ್ರೆ ಯಾರೂ ಕೇಳಲ್ಲ. ನಿಮಗೆ ಬಿಟ್ಟಿದ್ದು."

ವರ್ಕ್‌ಶಾಪಿನಲ್ಲಿ ಮೇಸ್ತ್ರಿ ಎರಡೂ ಡಬ್ಬಿಗಳನ್ನು ಸ್ಟೂಲಿನ ಮೇಲಿಟ್ಟುಕೊಂಡು ನೆಲದ ಮೇಲೆ ಕೂತ. ಗೆರೆ ಎಳೆದ ಹಾಗೆ ಕಂಡಿತು ಮುಂದಿನದು. ಹೊಸದನ್ನು ಹಾಕಿದರೆ ಅಕ್ಕನ ಮನೆಯ ಊಟ ಉಳಿಯುತ್ತದೆ, ಆದರೆ ಭಾವ ಸತ್ತ ಮೇಲೂ ಜಿಪುಣರಾಗಿಯೇ ಉಳಿಯುತ್ತಾರೆ. ಹಳೆಯದನ್ನು ಹಾಕಿದರೆ ಅಕ್ಕ ಕೇಳುತ್ತಾಳೆ. ಉತ್ತರ ಕೊಡಬೇಕಾಗುತ್ತದೆ. ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು, ಲೆಕ್ಕ ಹಾಕುತ್ತ ಕೂತದ್ದಕ್ಕೇ ಇನ್ನಷ್ಟು ಹುಟ್ಟಿತು. ಕೊನೆಗೆ ಎದ್ದು ಕೆರೆಯುವ ಬ್ಲೇಡ್ ತೆಗೆದುಕೊಂಡ. ತಾನೇ ಹೊಡೆದ ಬಣ್ಣವನ್ನು ಕಬ್ಬಿಣ ಕಾಣುವ ತನಕ ಕೆರೆದ. ಬಣ್ಣ ಸುಲಭಕ್ಕೆ ಬಿಡಲಿಲ್ಲ. ಅಷ್ಟು ಚೆನ್ನಾಗಿ ಹೊಡೆದಿದ್ದ.

ಭಾನುವಾರ ಬೆಳಿಗ್ಗೆ ಅಕ್ಕ, ಮಗಳು ಇಬ್ಬರೂ ಬಂದರು. ಮೇಸ್ತ್ರಿ ಎಂಜಿನ್ ಚಾಲೂ ಮಾಡಿ ಮೀಟರ್ ಹಿಡಿದು ತೋರಿಸಿದ. ಎಷ್ಟು ತಿರುವಿದರೂ ಮುಳ್ಳು ಹದಿನಾಲ್ಕು ವೋಲ್ಟ್ ದಾಟಲಿಲ್ಲ. ಡಬ್ಬಿಯ ಮೈಯಿಂದ ಎಂಜಿನ್ನಿಗೆ ಬೇರೆಯೇ ಒಂದು ದಪ್ಪ ತಂತಿಯನ್ನೂ ಎಳೆದಿದ್ದ. ಹೆಡ್‌ಲೈಟು ಹಗಲಿನಲ್ಲೂ ನೆಟ್ಟಗೆ ಉರಿಯುತ್ತಿತ್ತು.

"ಕಂಪನೀದೇ ಹಾಕಿದ್ಯಾ?" ಎಂದಳು ಅಕ್ಕ. "ಆ ಹಾಳು ಡಬ್ಬಿ ಎಲ್ಲಿ? ಕೊಡು, ನನ್ನ ಕೈಯಾರೆ ಚರಂಡಿಗೆ ಎಸೀತೀನಿ."

"ಅದೇ ಇರೋದು ಅಕ್ಕ ಗಾಡೀಲಿ. ಅದು ಕೆಟ್ಟಿರಲಿಲ್ಲ."

ಅಕ್ಕನಿಗೆ ಅರ್ಥವಾಗಲಿಲ್ಲ. ಅವನು ಎಂಜಿನ್ ಆರಿಸಿದ. ರಬ್ಬರಿನ ಎರಡು ಬಿಲ್ಲೆಗಳನ್ನು ಅಂಗೈ ಮೇಲಿಟ್ಟು ತೋರಿಸಿ, ಬಣ್ಣದಿಂದ ಶುರುಮಾಡಿ ಎಲ್ಲ ಹೇಳಿದ. ಎಲ್ಲೂ ತಡವರಿಸಲಿಲ್ಲ. ತಡವರಿಸಿದರೆ ನಿಂತುಹೋಗುತ್ತೇನೆ ಎಂದು ಗೊತ್ತಿತ್ತು.

"ಮತ್ತೆ ನೀನು ಬೇಡ ಅಂದಿದ್ಯಲ್ಲ? ಆಸ್ಪತ್ರೇಲಿ ಹೇಳಿದ್ಯಲ್ಲ?"

"ಸುಳ್ಳು ಹೇಳಿದ್ದೆ. ಭಾವ ನನ್ನೇ ಕೇಳಿದ್ರು. ಎರಡೂ ಒಂದೇ, ತಗೊಳ್ಳಿ ಅಂದೆ. ನನ್ನ ಮಾತು ನಂಬಿ ತಗೊಂಡ್ರು."

ಮಗಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಕ್ಕ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಮೇಸ್ತ್ರಿ ಕಾದ. ಅವನಿಗೆ ಅದು ಬೇಕಾಗಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತು ಅವನ ಅಂಗೈಯನ್ನೇ ನೋಡಿದಳು.

"ನಾಲ್ಕು ವರ್ಷ ಬೈದೆನಲ್ಲೋ ಅವರಿಗೆ" ಎಂದಳು. "ದಿನಾ ಬೈದೆ. ನೀನು ಎದುರಿಗೆ ಕೂತು ಉಣ್ತಾ ಇದ್ದೆ."

ಎದ್ದಳು. ಮಗಳಿಗೆ ಗಾಡಿ ತೆಗೆದುಕೊಂಡು ಮನೆಗೆ ಹೋಗೆಂದು ಹೇಳಿ ತಾನು ನಡೆದೇ ಹೊರಟಳು. ಸಿಗ್ನಲಿನ ತನಕ ಹೋಗಲಿಲ್ಲ, ವರ್ಕ್‌ಶಾಪಿನ ಮುಂದೆಯೇ ರಸ್ತೆ ದಾಟಿದಳು. ಸ್ಪೇರ್ ಪಾರ್ಟ್ಸ್ ಅಂಗಡಿಯ ಯಜಮಾನರು ಕುರ್ಚಿಯಿಂದ ಎದ್ದು ನಿಂತದ್ದು ಮೇಸ್ತ್ರಿಗೆ ಕಂಡಿತು. ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಯಜಮಾನರು ಒಳಗಿನಿಂದ ಇನ್ನೊಂದು ಕುರ್ಚಿ ತಂದು ಹಾಕಿದರು.

ಸೋಮವಾರ ಮಂಜು ದಟ್ಟವಾಗಿತ್ತು. ಮೇಸ್ತ್ರಿ ಶಟರ್ ಎತ್ತಿ ಬಾಗಿಲಲ್ಲಿ ನಿಂತಿದ್ದ. ಐದೂವರೆಗೆ ಬೀದಿಯ ತಿರುವಿನಲ್ಲಿ ದೀಪ ಕಂಡಿತು, ಹದವಾಗಿ ಉರಿಯುತ್ತ ಬಂದು ಅವನ ಮುಂದೆ ಹಾದುಹೋಯಿತು. ಹುಡುಗಿ ತಿರುಗಿ ನೋಡಲಿಲ್ಲ. ಅವನು ಈಗ ಹೋಟೆಲಿನಲ್ಲಿ ಉಣ್ಣುತ್ತಾನೆ. ಗಾಡಿಗಳನ್ನು ಸರಿಮಾಡಿ ಹಾಗೇ ಕೊಡುತ್ತಾನೆ, ಒರೆಸುವುದಿಲ್ಲ. ಮಾರ್ಕೆಟ್ಟಿಗೆ ಹೋಗುವಾಗ ಅಕ್ಕ ಆಚೆಯ ಫುಟ್‌ಪಾತಿನಲ್ಲಿ ನಡೆಯುತ್ತಾಳೆ.