ದುಂಡು ಹಜಾರದ ಪಂಕ್ತಿ

ಬಾಳೆಯೆಲೆಯ ತುದಿ ಉಣ್ಣುವವರ ಎಡಕ್ಕಿರಬೇಕೆಂಬುದನ್ನು ಎಲ್ಲರೂ ಬಲ್ಲರು. ಸಾಲಿನ ಮೊದಲ ಎಲೆ ಯಾರಿಗೆ ಎಂಬಲ್ಲೇ, ಗೆಳೆಯರೇ, ಮನೆ ಮುರಿಯುವುದು. ನಮ್ಮ ಅಜ್ಜಿಯ ಮೈದುನಂದಿರಾದ ಶಾಮ ತಾತ, ಸೀನ ತಾತ ಅವಳಿಗಳು. ಮೊದಲು ಹುಟ್ಟಿದ ತಾನೇ ಹಿರಿಯನೆಂದು ಶಾಮ ತಾತ. ಜೊತೆಯವನಿಗೆ ದಾರಿ ಬಿಟ್ಟು ಒಳಗೆ ನಿಂತ ತಾನೇ ಹಿರಿಯನೆಂದು ಸೀನ ತಾತ. ನನ್ನ ದಿನಚರಿಯ ಪ್ರಕಾರ ಆರು ವರ್ಷಗಳಲ್ಲಿ ಶಾಮ ತಾತ ಹನ್ನೊಂದು ಮದುವೆಗಳಿಂದ, ಸೀನ ತಾತ ಹತ್ತರಿಂದ ಉಣ್ಣದೆ ಎದ್ದು ಬಂದಿದ್ದರು.

ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದದ್ದು ಬಸವನಗುಡಿಯ ನಮ್ಮ ಮನೆಯಲ್ಲಿ ಮಾತ್ರ. ಲಾಲ್‌ಬಾಗಿನ ಬ್ಯಾಂಡ್‌ಸ್ಟ್ಯಾಂಡ್ ಕಂಡು ಮರುಳಾದ ಮುತ್ತಾತ ಹಜಾರವನ್ನು ದುಂಡಗೆ ಕಟ್ಟಿಸಿದ್ದರು. ಅಲ್ಲಿ ಬೀರು ಗೋಡೆಗೆ ಒರಗದು, ನಿಜ. ಆದರೆ ಗೋಡೆಯ ಸುತ್ತ ಎಲೆ ಹಾಕಿದರೆ ಮೊದಲಿನದು ಯಾವುದೆಂದು ಬ್ರಹ್ಮನೂ ಹೇಳಲಾರ. ಎದುರುಬದುರು ಕೂತ ತಾತಂದಿರ ಎಲೆಗಳಿಂದ ಇಬ್ಬರು ಸೊಸೆಯರು ಒಂದೇ ಕ್ಷಣಕ್ಕೆ ಬಡಿಸಲು ತೊಡಗುತ್ತಿದ್ದರು. ಅವರು ಸಂಧಿಸುವೆಡೆ ಕೂರುತ್ತಿದ್ದ ನನಗೆ ಪಾಯಸ ಕೆಲವೊಮ್ಮೆ ಎರಡು ಸಲ, ಕೆಲವೊಮ್ಮೆ ಇಲ್ಲವೇ ಇಲ್ಲ. ಲೆಕ್ಕ ಇಟ್ಟಿದ್ದೇನೆ, ಇಲ್ಲದ್ದೇ ಹೆಚ್ಚು. ಆದರೂ, ಚೌಕದ ಮನೆಯಲ್ಲಿ ಮೂಲೆಗಳಿರುತ್ತವೆ, ಮೂಲೆಗೆ ಬಿದ್ದವರೂ ಇರುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದ ಮೊದಲಲ್ಲಿ ಕಂಟ್ರಾಕ್ಟರನೊಬ್ಬ ಮನೆ ಕೆಡವಿ ಫ್ಲ್ಯಾಟು ಕಟ್ಟುವ ಆಸೆ ತೋರಿಸಿದ. ಹಜಾರ ಹೋದರೆ ಇವರಿಬ್ಬರೂ ಮತ್ತೆ ಜೊತೆಯಲ್ಲಿ ಉಣ್ಣುವುದಿಲ್ಲವೆಂದು ಅಜ್ಜಿಗೆ ನಿದ್ದೆ ಹತ್ತಲಿಲ್ಲ. ಹಳೆಯ ಕಟ್ಟಡಗಳನ್ನು ಕಾಪಾಡುವ ಸಮಿತಿಯೊಂದಕ್ಕೆ ನನ್ನಿಂದ ಕಾಗದ ಬರೆಸಿದಳು. ಪಾರಂಪರಿಕ ಕಟ್ಟಡವೆಂದರೆ ಗಾರೆ, ಕಂಬ, ಕಮಾನು ಎಂದುಕೊಂಡಿದ್ದೆ. ಇಬ್ಬರು ಮುದುಕರ ಹಟಕ್ಕೂ ಒಂದು ಸೂರು ಬೇಕೆಂದು ಹೊಳೆದಿರಲಿಲ್ಲ.

ಸಮಿತಿಯಿಂದ ಬಂದ ಅಧಿಕಾರಿ ಹಜಾರವನ್ನು ಅಳೆದು, ನಮ್ಮೊಡನೆ ಉಂಡು, ಮೆಚ್ಚಿ, ಮನೆ ಕೆಡವುವುದಿಲ್ಲವೆಂಬ ಒಪ್ಪಿಗೆ ಪತ್ರ ಚಾಚಿದರು. ಮನೆ ತಾತಂದಿರಿಬ್ಬರ ಹೆಸರಿನಲ್ಲಿತ್ತು; ಸಹಿಯ ಜಾಗ ಒಂದರ ಕೆಳಗೊಂದು. ಇಬ್ಬರೂ ಕೈಕಟ್ಟಿ ಕೂತರು. ಮೇಲೆ ಕೆಳಗೆಂಬ ಭೇದವಿಲ್ಲವೆಂದು ಅಧಿಕಾರಿ ತಿಳಿಹೇಳಿದರು.

"ಭೇದ ಇಲ್ದಿದ್ರೆ ಒಂದು, ಎರಡು ಅಂತ ಯಾಕೆ ಹಾಕಿದೀರಿ ಸ್ವಾಮಿ?" ಎಂದರು ಶಾಮ ತಾತ. ಅಣ್ಣನೋ ತಮ್ಮನೋ ಆದವರ ಮಾತಿಗೆ ಸೀನ ತಾತ ತಲೆದೂಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಜ್ಜಿ ಕಾಗದವನ್ನು ಮಗುಚಿ, ಲೋಟವನ್ನು ಬೋರಲು ಹಾಕಿ, ನನ್ನ ಪೆನ್ನಿನಿಂದ ಸುತ್ತ ಗೆರೆ ಎಳೆದಳು. "ಇದರ ಸುತ್ತ ಹಾಕ್ರಪ್ಪ. ಆ ಕಡೆ ಒಬ್ಬ, ಈ ಕಡೆ ಒಬ್ಬ. ಆಫೀಸರದ್ದೂ ಒಂದು ಪೆನ್ನಿದೆ, ತಗೊಳ್ಳಿ."

ತಾತಂದಿರು ಎದುರುಬದುರು ಬಗ್ಗಿ, ಓರೆಗಣ್ಣಲ್ಲಿ ಒಬ್ಬರನ್ನೊಬ್ಬರು ಕಾಯುತ್ತ, ಒಂದೇ ಉಸಿರಿಗೆ ಸಹಿ ಮಾಡಿದರು. ಹಜಾರ ಉಳಿಯಿತು.

ಅಧಿಕಾರಿ ಕಾಗದವನ್ನು ಮೂರು ಸುತ್ತು ತಿರುಗಿಸಿ ನೋಡಿ, ಇದರ ತಲೆ ಯಾವ ಕಡೆ ಎಂದು ಕೇಳಿದರು. ತಾತಂದಿರಿಬ್ಬರೂ ತಮ್ಮ ತಮ್ಮ ಸಹಿಯನ್ನು ತೋರಿಸಿದರು.