ಮೆಲ್ಲಗೆ ಊದಿ
ಮೌತ್ ಆರ್ಗನ್ ರಿಪೇರಿಯ ಯಜಮಾನರು ಗಿರಾಕಿಯ ಮುಖ ನೋಡುವುದಿಲ್ಲ, ವಾದ್ಯದ ಬಾಯಿ ನೋಡುತ್ತಾರೆ. ಮುಚ್ಚಳ ಬಿಚ್ಚಿ, ಸೂಜಿಯಿಂದ ಬಿಸ್ಕತ್ತಿನ ಚೂರು ಹೊರತೆಗೆದು, “ಇದನ್ನ ಊದ್ಬೇಕು ಸ್ವಾಮಿ, ಇದಕ್ಕೆ ಊಟ ಹಾಕ್ಬಾರ್ದು” ಎಂದು ಗದರುತ್ತಾರೆ. ಒಳಗಿನ ಹಿತ್ತಾಳೆಯ ಪುಟ್ಟ ನಾಲಗೆಗಳನ್ನು ಕೂದಲೆಳೆಯಷ್ಟು ಎತ್ತಿ, ಕೂದಲೆಳೆಯಷ್ಟು ಇಳಿಸಿ, ತಮ್ಮ ಉಸಿರಿಗೆ ಸ್ವರ ಸಲೀಸಾಗಿ ಬರುವವರೆಗೆ ಬಿಡುವುದಿಲ್ಲ; ಅಷ್ಟರಲ್ಲಿ ಗಿರಾಕಿಗೆ ಗಡ್ಡ ಬೆಳೆದಿರುತ್ತದೆ. ನಾಲಗೆ ಇಳಿದಷ್ಟೂ ಕಡಿಮೆ ಉಸಿರು ಸಾಕು. ಈಚೆಗೆ ಮಾತ್ರ ದೂರು ಹೆಚ್ಚಾಗಿದೆ: “ಸ್ವಲ್ಪ ಜೋರಾಗಿ ಊದಿದ್ರೆ ಸ್ವರಾನೇ ನಿಂತ್ಹೋಗತ್ತೆ, ಯಜಮಾನ್ರೇ.” “ಅದೇನು ಒಲೆ ಊದ್ತಿದೀರಾ? ಮೆಲ್ಲಗೆ ಊದಿ” ಎನ್ನುತ್ತಾರೆ, ನಡುವೆ ಎರಡು ಸಲ ಕೆಮ್ಮಿ. ಗಿರಾಕಿಗಳು ಮರೆತುಬಿಟ್ಟ ವಾದ್ಯಗಳು ರಿಪೇರಿಯಾದ ತಾರೀಖಿನ ಚೀಟಿ ಹೊತ್ತು ಕಪಾಟಿನಲ್ಲಿ ಸಾಲಾಗಿ ಕೂತಿವೆ. ಮೊನ್ನೆ ಯಜಮಾನರು ಎದೆಯ ಫೋಟೋ ತೆಗೆಸಲು ಆಸ್ಪತ್ರೆಗೆ ಹೋಗಿದ್ದಾಗ ಅವರ ಹೆಂಡತಿ ಅವನ್ನು ಒಂದೊಂದಾಗಿ ಊದಿ ನೋಡಿದರು. ಎರಡು ವರ್ಷದ ಹಿಂದಿನದಕ್ಕೆ ಎದೆ ತುಂಬ ಉಸಿರು ಬೇಕಾಯಿತು. ಹೋದ ವರ್ಷದ್ದಕ್ಕೆ ಅರ್ಧ ಸಾಕಾಯಿತು. ಹೋದ ವಾರದ್ದನ್ನು ಆಕೆ ಊದಲೇ ಇಲ್ಲ. ತುಟಿಗೆ ತಾಗಿಸಿಕೊಂಡು ಉಸಿರಾಡಿದ್ದಕ್ಕೇ ಅದು ನುಡಿಯಿತು.