ಇಳಿಸದ ನೊಗ

ಮೊನ್ನೆ ಪಾರ್ಸೆಲ್ ತಂದ ಟೆಂಪೋ ಹೋದ ಮೇಲೂ ಅದರ ಗ್ರೀಸಿನ ವಾಸನೆ ಬಾಗಿಲಲ್ಲೇ ಉಳಿಯಿತು. ನಿಮಗೆ ಅದು ಬರೀ ಗ್ರೀಸು. ನನಗೆ ಸಾಲೋಟಗಿಯ ಮಾವನ ಗಾಡಿಯ ಕೀಲೆಣ್ಣೆ.

ಎಪ್ಪತ್ತರ ದಶಕದ ಮಾತು. ಗುರುವಾರ ಬಂತೆಂದರೆ ಮಾವ ಶೇಂಗಾ ಚೀಲ ಹೇರಿಕೊಂಡು ಇಂಡಿ ಸ್ಟೇಶನ್ನಿಗೆ ಗಾಡಿ ಹೊಡೆಯುತ್ತಿದ್ದ. ಗಾಡಿ ಏನು ಹೊಡೆಯುತ್ತಿದ್ದ, ಚೀಲದ ಮೇಲೆ ಗೊರಕೆ ಹೊಡೆಯುತ್ತಿದ್ದ! ದಾರಿ ಎತ್ತುಗಳಿಗೇ ಗೊತ್ತಿತ್ತು.

ಆಮೇಲೆ ಊರಿಗೆ ಲಾರಿ ಬಂತು. ಶೇಂಗಾ ಲಾರಿ ಹತ್ತಿತು. ಮಾವ ಗಾಡಿ ಮಾರಿದ, ಎತ್ತು ಮಾರಲಿಲ್ಲ.

“ತಿನ್ನಾಕ ಎರಡು ಬಾಯಿ, ದುಡ್ಯಾಕ ಒಂದೂ ಇಲ್ಲ. ಕೊಟ್ಟಬಿಡ್ರಿ,” ಅತ್ತೆ ದಿನಾ ಅನ್ನುವಳು.

ಮುದಿ ಎತ್ತು ಕೊಳ್ಳುವವನು ಕಡಿಯುವುದಕ್ಕೇ ಕೊಳ್ಳುತ್ತಾನೆ. ಅದು ನೆನಪಾದರೆ ಮಾವ ರೊಟ್ಟಿ ಬಿಟ್ಟು ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ.

ಕೆಲವು ತಿಂಗಳ ಮೇಲೆ ಒಂದು ಗುರುವಾರ ಎತ್ತುಗಳು ಹಗ್ಗ ಹರಿದುಕೊಂಡು ಹೋದವು. ಮಾವನ ಜೊತೆ ನಾನೂ ಹುಡುಕಲು ಹೊರಟೆ. ಮಟಮಟ ಮಧ್ಯಾಹ್ನ, ಸ್ಟೇಶನ್ ದಾರಿಯಲ್ಲಿ ಕಂಡವು. ನಡುವೆ ನೊಗದಷ್ಟೇ ಅಂತರ. ಕತ್ತು ಬಗ್ಗಿಸಿ, ಭಾರ ಎಳೆಯುವಂತೆ ಏದುಸಿರು ಬಿಡುತ್ತ ನಡೆದಿದ್ದವು. ಹಿಂದೆ ಗಾಡಿಯೇ ಇಲ್ಲ! ತಡೆಯಲೆಂದು ನಾನು ಮುಂದಿನಿಂದ ಎರಡರ ನಡುವೆ ನುಗ್ಗಿದೆ. ಮಾವ ರಟ್ಟೆ ಹಿಡಿದು ಎಳೆದ.

“ಏ ಹುಚ್ಚಪ್ಯಾ, ನಡುವ ಹೋಗಬ್ಯಾಡ! ನೊಗ ಎದಿಗೆ ಬಡದೀತು!”

ನಾನು ನಕ್ಕೆ. ಅವನು ನಗಲಿಲ್ಲ. ಎತ್ತುಗಳು ಸ್ಟೇಶನ್ನಿನ ಮಾಲು ಇಳಿಸುವ ಕಟ್ಟೆಗೆ ಬೆನ್ನು ಮಾಡಿ, ಚೀಲ ಇಳಿಯುವಷ್ಟು ಹೊತ್ತು ನಿಂತು, ತಾವಾಗಿಯೇ ಊರ ಕಡೆ ಹೊರಳಿದವು. ನನ್ನ ನಗು ಅಲ್ಲೇ ಆರಿತು.

ಮರುದಿನವೇ ಅತ್ತೆ ಸಿಂದಗಿಯ ದನದ ವ್ಯಾಪಾರಿಯನ್ನು ಕರೆಸಿದಳು.

“ಹೂಂ ಅನ್ರಿ ಗೌಡ್ರ, ಈಗ ಹೊಡಕೊಂಡ ಹೋಗ್ತೇನಿ,” ಅಂದ ಅವನು.

“ಹೆಂಗ ಕೊಡ್ಲಿರಿ? ಇನ್ನೂ ನೊಗ ಇಳಿಸಿಲ್ಲ,” ಅಂದ ಮಾವ. “ನೊಗದಾಗಿನ ಎತ್ತಿನ ವ್ಯಾಪಾರ ಮಾಡಬಾರದಂತ ನಿಮಗ ಗೊತ್ತಿಲ್ಲೇನ್ರಿ?”

ಹಾಗೊಂದು ಕಟ್ಟಳೆ ಆ ಊರಲ್ಲಿತ್ತು, ನಿಜ. ಆದರೆ ಎತ್ತುಗಳು ಎದುರಿಗೇ ಬರಿಗತ್ತಿನಲ್ಲಿ ನಿಂತಿದ್ದವು. ವ್ಯಾಪಾರಿ ನಗುತ್ತ ಒಂದರ ಹೆಗಲ ಮೇಲೆ ಕೈಯಿಟ್ಟವನು ಚಟ್ಟನೆ ಹಿಂದಕ್ಕೆ ಎಳೆದುಕೊಂಡ. ನಾನೂ ಮುಟ್ಟಿ ನೋಡಿದೆ. ಹೆಗಲ ಕೂದಲು ಆಗಷ್ಟೇ ಉಜ್ಜಿಹೋಗಿ, ಬಿಸಿ ಬೆವರು ಕೈಗೆ ಹತ್ತಿತು. ವ್ಯಾಪಾರಿ ಚಹಾಕ್ಕೂ ನಿಲ್ಲಲಿಲ್ಲ.

ಅತ್ತೆ ಮತ್ತೆ ಮಾರುವ ಮಾತೆತ್ತಲಿಲ್ಲ. ಗುರುವಾರ ಬಂದರೆ ತಾನೇ ಹೋಗಿ ಹಗ್ಗ ಬಿಚ್ಚುತ್ತಿದ್ದಳು.

ಎತ್ತುಗಳಿಗಿಂತ ಮೊದಲು ಮಾವನೇ ಹೋದ. ಆಮೇಲೆ ಅವೂ ವಯಸ್ಸು ತೀರಿ ಕೊಟ್ಟಿಗೆಯಲ್ಲೇ ಸತ್ತವು. ಕಸಾಯಿ ಕತ್ತಿ ತಪ್ಪಿತಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟೆವು. ಆ ಕಾಣದ ನೊಗ ಇಳಿಸಬೇಕಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ.

ಮೊನ್ನೆ ಗುರುವಾರ. ಪಕ್ಕದ ಮನೆಯವರ ಪಾರ್ಸೆಲ್ಲೂ ನನ್ನ ಕೈಗೇ ಬಂದಿತ್ತು. ಕೊಟ್ಟು ಬರೋಣವೆಂದು ರಸ್ತೆಗಿಳಿದೆ. ಟೆಂಪೋ ಆಗಲೇ ಹೋಗಿತ್ತು, ರಸ್ತೆ ಖಾಲಿ. ಆದರೂ ಕೀಲೆಣ್ಣೆ ವಾಸನೆ ಹತ್ತಿರ ಹತ್ತಿರ ಬಂತು. ಎದೆಯನ್ನು ಕೈಯಿಂದ ಮುಚ್ಚಿಕೊಂಡು ಬದಿಗೆ ಸರಿದೆ. ಗಾಡಿ ದಾಟಿ ಹೋಗಲಿ ಎಂದು ನಿಂತೆ.